ಬರೋಕೆ ರೈಲು, ವಿಮಾನ ಇದೆ. ಮಲಗೋಕೆ ಮಂಚ ಎಲ್ಲಿದೆ?



ಒಂದು ಸಣ್ಣ ಕೆಲಸ ಮಾಡಿ. ಮೊಬೈಲ್ ತಗೊಂಡು 'ಕಮಲಾಪುರ ರೆಸಾರ್ಟ್' ಅಂತ ಹುಡುಕಿ. ನಿಮ್ಮ ಮುಂದೆ ಬರೋದು ಹಂಪಿ ಪಕ್ಕದ ಕಮಲಾಪುರ. ಅರಮನೆ ಥರ ಕಟ್ಟಿರೋ ಕಮಾನುಗಳು, ನೀಲಿ ಈಜುಕೊಳ, ಕೈಮುಗಿದು ನಿಂತಿರೋ ಸಿಬ್ಬಂದಿ. ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ. ಅದರಲ್ಲಿ ತಪ್ಪೇನಿಲ್ಲ, ದುಡ್ಡಿರೋರು ಹೋಗಲಿ, ಇರಲಿ. ನಾನು ಇವತ್ತು ಮಾತಾಡೋಕೆ ಹೊರಟಿರೋದು ಇನ್ನೊಂದು ಕಮಲಾಪುರದ ಬಗ್ಗೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಒಂದು ಗಂಟೆಯೊಳಗೆ ಸಿಗುತ್ತೆ. ತಾಲ್ಲೂಕು ಕೇಂದ್ರ. ಕೆಂಪು ಬಾಳೆಹಣ್ಣಿನ ಊರು. ತಮಾಷೆ ನೋಡಿ, ಹಂಪಿಗೆ ಹೋಗೋಕೆ ಹೊಸಪೇಟೆ ಮುಟ್ಟಿಸುವ ಅದೇ 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಈ ಕಮಲಾಪುರದ ಮೇಲೂ ಹೋಗುತ್ತೆ. ಒಂದೇ ಹೆದ್ದಾರಿ, ಒಂದೇ ಹೆಸರು. ಒಂದು ಕಮಲಾಪುರದಲ್ಲಿ ಜನ ರಾತ್ರಿ ಉಳಿಯೋಕೆ ಅಂತಲೇ ಬರ್ತಾರೆ. ಇನ್ನೊಂದರಲ್ಲಿ ಬಸ್ಸು ನಿಂತಾಗ ನಾಲ್ಕು ಬಾಳೆಹಣ್ಣು ತಗೊಂಡು ಮುಂದೆ ಹೋಗ್ತಾರೆ.

ಯಾಕೆ ಹೀಗೆ?

ನೋಡಬೇಕಾದ್ದು ಇಲ್ಲ ಅಂತ ಮಾತ್ರ ಹೇಳಬೇಡಿ. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು. ತೆರೆದ ಅಂಗಳವೇ ಇಲ್ಲದ, ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಮಸೀದಿ ಅದು. ನಮ್ಮ ದೇಶದಲ್ಲಿ ಅಂಥದ್ದು ತೀರಾ ಅಪರೂಪ. ಖ್ವಾಜಾ ಬಂದೇ ನವಾಜರ ದರ್ಗಾ ಇದೆ, ಶರಣಬಸವೇಶ್ವರರ ಗುಡಿ ಇದೆ, ಬುದ್ಧ ವಿಹಾರ ಇದೆ. ಆ ಕಡೆ ಗಾಣಗಾಪುರದ ದತ್ತ. ಈ ಕಡೆ ರಾಷ್ಟ್ರಕೂಟರು ಆಳಿದ ಮಳಖೇಡ. ಭೀಮಾ ದಂಡೆಯಲ್ಲಿ ಸನ್ನತಿ. ಸಾಮ್ರಾಟ ಅಶೋಕನ ಮುಖವನ್ನ ಅವನ ಹೆಸರಿನ ಸಮೇತ ಕಲ್ಲಲ್ಲಿ ಕೆತ್ತಿರೋದು ಸಿಕ್ಕಿದ್ದು ಅಲ್ಲೇ, ಕನಗನಹಳ್ಳಿಯ ಸ್ತೂಪದಲ್ಲಿ. ಕಮಲಾಪುರದಿಂದ ಇನ್ನೂ ಸ್ವಲ್ಪ ದೂರ ಹೋದರೆ ಚಿಂಚೋಳಿ ವನ್ಯಧಾಮ, ಚಂದ್ರಂಪಳ್ಳಿ ಜಲಾಶಯ. ಬಿಸಿಲುನಾಡು ಅಂತ ಮೂಗು ಮುರಿಯೋರು ಮಳೆಗಾಲ ಮುಗಿದ ಮೇಲೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಬರೋಕೆ ದಾರಿಯೂ ಆಯ್ತು. 2017ರ ಅಕ್ಟೋಬರ್ 29ಕ್ಕೆ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆ. ಜನ ಎಷ್ಟು ವರ್ಷ ಕಾದ ಮಾರ್ಗ ಅದು! 2019ರ ನವೆಂಬರ್ 22ಕ್ಕೆ ವಿಮಾನ ನಿಲ್ದಾಣ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಂದ ವಂದೇ ಭಾರತ್. ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಪ್ರತಿ ಸಲವೂ ರಿಬ್ಬನ್ ಕತ್ತರಿಸಿದರು, ಭಾಷಣ ಮಾಡಿದರು, ನಾವೂ ಲೈವ್ ತೋರಿಸಿದೆವು. ಆದರೆ ಬಂದ ಮನುಷ್ಯ ಸಂಜೆ ಆರು ಗಂಟೆಗೆ ಎಲ್ಲಿ ಬ್ಯಾಗ್ ಇಡಬೇಕು ಅನ್ನೋದನ್ನ ಯಾರೂ ಕೇಳಲಿಲ್ಲ.

ಕಲಬುರಗಿ ನಗರದಲ್ಲಿ ಹೋಟೆಲ್ ಇದಾವೆ, ಲಾಡ್ಜ್ ಇದಾವೆ. ಸುಳ್ಳು ಹೇಳಬಾರದು. ಆದರೆ ಅವು ಇರೋದು ಬೇರೆ ಕೆಲಸಕ್ಕೆ. ಕೋರ್ಟ್ ಕೇಸಿಗೆ ಬಂದೋರು, ಆಸ್ಪತ್ರೆಗೆ ಬಂದೋರು, ಪರೀಕ್ಷೆ ಬರೆಯೋಕೆ ಬಂದ ಮಕ್ಕಳು, ಕಂಪನಿ ಕೆಲಸದ ಮೇಲೆ ಬಂದೋರು. ಒಂದು ಸಂಸಾರ, ಅಂದರೆ ಗಂಡ ಹೆಂಡತಿ ಎರಡು ಮಕ್ಕಳು ಒಬ್ಬ ಅಜ್ಜಿ, ಎರಡು ದಿನ ನೆಮ್ಮದಿಯಾಗಿ ಇದ್ದು ಸುತ್ತಾಡೋಣ ಅಂದರೆ, ಕೈಗೆಟುಕೋ ದರದಲ್ಲಿ, ಸ್ವಲ್ಪ ಮರದ ನೆರಳು, ಸ್ವಲ್ಪ ಮನೆ ಊಟ, ಅಂಥದ್ದು? ಕೊಡಗಿನಲ್ಲಿ ಊರಿಗೆ ಹತ್ತು ಸಿಗುತ್ತೆ. ಚಿಕ್ಕಮಗಳೂರಿನಲ್ಲಿ ಸಿಗುತ್ತೆ. ಇಲ್ಲಿ ಕಷ್ಟ.

ಕೊಡಗಿನಲ್ಲಿ ಹೋಂಸ್ಟೇ ಬೆಳೆದದ್ದು ಹೇಗೆ ಅನ್ನೋದನ್ನ ನಾವು ಮರೆತಿದ್ದೀವಿ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿತು. ತೋಟದ ಖರ್ಚೂ ಹುಟ್ಟದ ಹೊತ್ತಲ್ಲಿ ಎಷ್ಟೋ ಮನೆಗಳು ಖಾಲಿ ಕೋಣೆಗೆ ಸುಣ್ಣ ಬಳಿದು, ಬಂದೋರಿಗೆ ಊಟ ಹಾಕಿ ಬದುಕಿದವು. ಸರ್ಕಾರದ ನೀತಿ ಆಮೇಲೆ ಬಂತು, ಮೊದಲು ಬಂದದ್ದು ಕಷ್ಟ. ಹಾಗೆ ನೋಡಿದರೆ ಕಲಬುರಗಿ ರೈತನಿಗೆ ಕಷ್ಟಕ್ಕೇನು ಕಡಿಮೆ? 2022ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತ ಜಾಗದಲ್ಲೇ ಒಣಗಿದ್ದನ್ನ ಇದೇ ಪರದೆ ಮೇಲೆ ತೋರಿಸಿದ್ದೀವಿ. ಜಿಐ ಟ್ಯಾಗ್ ಇರೋ ತೊಗರಿ ಸ್ವಾಮಿ ಅದು!

ಇದನ್ನೆಲ್ಲ ನಾನು ಸ್ಟುಡಿಯೋದಲ್ಲಿ ಕೂತು ಹೇಳ್ತಿಲ್ಲ. ಒಂದು ಕಾರ್ಯಕ್ರಮಕ್ಕೆ ಕಲಬುರಗಿಗೆ ಹೋಗಿದ್ದೆ. ಅಲ್ಲಿನ ನಮ್ಮ ವರದಿಗಾರ, 'ಸರ್, ಈ ಸಲ ಹೋಟೆಲ್ ಬ್ಯಾಡ, ಕಮಲಾಪುರ ಕಡಿ ಒಂದು ಮನಿ ಅದ' ಅಂದ. ಆ ಕುಟುಂಬದ ಹೆಸರು ಹೇಳಲ್ಲ. ಹೇಳಿದರೆ ನಾಳೆ ಅವರ ಮನೆ ಮುಂದೆ ನಾಲ್ಕು ಕ್ಯಾಮೆರಾ ನಿಂತಿರುತ್ತೆ, ಅದರಲ್ಲಿ ನಮ್ಮದೂ ಒಂದಿರುತ್ತೆ.

ಹಳೇ ಮನೆ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಫರಸಿ. ಬರಿಗಾಲಲ್ಲಿ ಒಳಗೆ ಹೆಜ್ಜೆ ಇಟ್ಟರೆ ಏಸಿಯ ಕೆಲಸ ಅರ್ಧ ಮುಗಿದ ಹಾಗೆ. ಆ ಮನೆಯಲ್ಲಿ ಮೂರು ಖೋಲಿ ಅತಿಥಿಗಳಿಗೆ. ಪ್ರತಿ ಖೋಲಿಗೆ ಸೇರಿಸಿ ಕಟ್ಟಿದ ಬಚ್ಚಲು, ಬಿಸಿನೀರು. ಅಂಗಳದಲ್ಲಿ ಬೇವಿನ ಮರ, ಅದರ ಕೆಳಗೆ ಹಗ್ಗದ ಹೊರಸು. ಹಿಂದೆ ಹೊಲ, ಹೊಲದ ಒಂದು ಬದಿಗೆ ಕೆಂಪು ಬಾಳೆ. ಜಾಹೀರಾತಿನ ಭಾಷೆಯಲ್ಲಿ ಇದಕ್ಕೆ 'ಬೊಟಿಕ್ ರೆಸಾರ್ಟ್' ಅಂತಾರೆ. 'ಉಷ್ಣವಲಯದ ಸ್ವರ್ಗ' ಅಂತಲೂ ಅಂತಾರೆ. ನಮ್ಮವರು ಅದನ್ನ ಹುಡುಕಿಕೊಂಡು ಬಾಲಿಗೆ, ಥಾಯ್ಲೆಂಡಿಗೆ ಹೋಗ್ತಾರೆ. ಭೂಗೋಳದ ಲೆಕ್ಕದಲ್ಲಿ 17 ಡಿಗ್ರಿ ಅಕ್ಷಾಂಶದ ಕಲಬುರಗಿ ಕೂಡ ಉಷ್ಣವಲಯವೇ. ಆದರೆ ತೆಂಗಿನ ಮರ, ಸಮುದ್ರ ಇದ್ದರೆ ಮಾತ್ರ ಉಷ್ಣವಲಯ ಅನ್ನೋದು, ಬರೀ ಬಿಸಿಲಿದ್ದರೆ 'ಅಯ್ಯೋ ಕಲಬುರಗಿನಾ' ಅನ್ನೋದು!

ಇಬ್ಬರಿಗೆ ಒಂದು ಖೋಲಿ, ಒಂದು ರಾತ್ರಿಗೆ 2000 ರೂಪಾಯಿ. ನಾಷ್ಟಾ, ಎರಡು ಹೊತ್ತಿನ ಊಟ ಸೇರಿ.

ಆ ಊಟದ ಬಗ್ಗೆ ಸ್ವಲ್ಪ ಹೇಳಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕಟ್ಟಿ ಮೊಸರು. ತೊಗರಿಬೇಳೆ ಅವರ ಹೊಲದ್ದೇ. ಬಡಿಸಿದ್ದು ಆ ಮನೆಯ ಆಯಿ. ಎಪ್ಪತ್ತು ದಾಟಿದಾಕೆ. ಎರಡು ರೊಟ್ಟಿ ಸಾಕು ಅಂದೆ. 'ಎರಡು ರೊಟ್ಟಿ ತಿನ್ನೋ ಮನಿಷ್ಯಾ ಟಿವಿಯಾಗ ಅಷ್ಟು ಹ್ಯಾಂಗ್ ಒದರ್ತೀ ಯಪ್ಪಾ' ಅಂತ ಮೂರನೇದು ಹಾಕಿಬಿಟ್ಟಳು. ನಮ್ಮ ಕ್ಯಾಮೆರಾಮನ್ ನಗೋದನ್ನ ಇವತ್ತಿಗೂ ನಿಲ್ಲಿಸಿಲ್ಲ.

ಬೆಳಗ್ಗೆ ಹೊರಡೋವಾಗ ಮೊಮ್ಮಗ ಬಿಲ್ ತಂದ. ಅದರಲ್ಲಿ 'ಖೋಲಿ ಬಾಡಿಗೆ' ಅಂತ ಒಂದೇ ಸಾಲು. ಊಟ ಎಲ್ಲಿ ಅಂದೆ. ಹುಡುಗ ನಕ್ಕ. 'ಅದನ್ನ ಬರೀಲಿಕ್ಕೆ ಆಯಿ ಬಿಡಲ್ರೀ ಸರ. ಉಂಡವರ ಬಲ್ಲಿ ರೊಕ್ಕ ಹ್ಯಾಂಗ್ ಕೇಳ್ತೀ ಅಂತಾಳ. ಮೊದಲ ತಿಂಗಳ ಬರದಿದ್ದೆ, ಮೂರು ದಿನ ನನ್ನ ಕೂಡ ಮಾತೇ ಬಿಟ್ಟಿದ್ಲು.'

ವೀಕ್ಷಕರೇ, ಇದು ತಮಾಷೆಯಲ್ಲ. ಕಲಬುರಗಿಯ ಶರಣಬಸವೇಶ್ವರರನ್ನ ಜನ ಏನಂತ ಕರೀತಾರೆ? ಮಹಾದಾಸೋಹಿ ಅಂತ. ಹಸಿದು ಬಂದವನಿಗೆ ಅನ್ನ ಹಾಕೋದೇ ಪೂಜೆ ಅಂತ ನಂಬಿದ ನೆಲ ಇದು. ಆ ನೆಲದಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಊಟದ ಪಕ್ಕದಲ್ಲಿ ಒಂದು ಅಂಕಿ ಬರೀಬೇಕು ಅಂದರೆ ಕೈ ಬರಲ್ಲ. ಪ್ರವಾಸೋದ್ಯಮದ ತಜ್ಞರು ಇದನ್ನ 'ವೃತ್ತಿಪರತೆಯ ಕೊರತೆ' ಅಂತ ಬರ್ಕೊತಾರೆ. ನನಗೆ ಹಾಗನ್ನಿಸಲ್ಲ. ನಾವು 2000 ಕೊಟ್ಟದ್ದು ಮಂಚಕ್ಕಲ್ಲ, ಆ ಮೂರನೇ ರೊಟ್ಟಿಗೆ. ಅದನ್ನ ಯಾವ ಸ್ಟಾರ್ ಹೋಟೆಲ್ಲೂ ಕೊಡಲ್ಲ. ಆದರೆ ಆ ಮೂರನೇ ರೊಟ್ಟಿಯ ಖರ್ಚು ಯಾರು ಹೊರಬೇಕು ಅನ್ನೋ ಪ್ರಶ್ನೆ ಇದೆಯಲ್ಲ, ಅದು ಆ ಹುಡುಗನ ತಲೆ ಮೇಲೆ ಕೂತಿದೆ.

ಹುಡುಗ ಪುಣೆಯಲ್ಲಿ ಒಂದು ಕಂಪನಿಯಲ್ಲಿದ್ದ. ತಿಂಗಳಿಗೆ 24,000. ರೂಮು, ಮೆಸ್ಸು, ಓಡಾಟ ಕಳೆದು ಕೈಗೆ ಉಳೀತಿದ್ದದ್ದು ಹದಿನಾಲ್ಕೋ ಹದಿನೈದೋ ಸಾವಿರ. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದವನು ಹೊಳ್ಳಿ ಹೋಗಲಿಲ್ಲ. ಈ ಖೋಲಿಗಳ ಯೋಚನೆ ಅವನದೇ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಣಿಯೂ ಆಗಿದೆ. ಅವನ ಲೆಕ್ಕದ ಪುಸ್ತಕ ನೋಡಿದೆ. ಹೋದ ಡಿಸೆಂಬರ್‌ನಲ್ಲಿ ಮೂರೂ ಖೋಲಿ ಸೇರಿ 22 ರಾತ್ರಿ ತುಂಬಿದವು. 44,000 ರೂಪಾಯಿ. ಅದರಲ್ಲಿ 14 ರಾತ್ರಿ ಆ್ಯಪ್ ಮೂಲಕ ಬಂದದ್ದು. ಆ 28,000ಕ್ಕೆ ನೂರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಕಮಿಷನ್ 5,600 ಹೋಯ್ತು. ಅಡುಗೆ ಸಾಮಾನು, ಗ್ಯಾಸು, ಬಟ್ಟೆ ಒಗೆಯೋದು, ಕೆಲಸಕ್ಕೆ ಬರೋ ಹೆಣ್ಣುಮಗಳ ಪಗಾರ ಸೇರಿ 17,000. ಕರೆಂಟು 3,000. ಕೈಗೆ ಉಳಿದದ್ದು 18,400. ಪುಣೆಗಿಂತ ಹೆಚ್ಚು. ಅದೂ ಮನೆಯಲ್ಲೇ ಇದ್ದು, ಅಪ್ಪನ ಔಷಧಿ ನೋಡ್ಕೊಂಡು.

'ಹಂಗಾರ ಛಲೋ ಆಯ್ತಲ್ಲಪಾ' ಅಂದೆ, ನನಗೆ ಬರೋ ಅಷ್ಟು ಉತ್ತರ ಕರ್ನಾಟಕದ ಕನ್ನಡದಲ್ಲಿ.

'ವರ್ಷಪೂರ್ತಿ ಡಿಸೆಂಬರ್ ಇರಲ್ರೀ ಸರ. ಬ್ಯಾಸಗಿದಾಗ 43 ಡಿಗ್ರಿ ಬಿಸಿಲಾಗ ಯಾರ್ ಬರ್ತಾರ? ಏಪ್ರಿಲ್ ಮೇದಾಗ ಒಂದು ಖೋಲೀನೂ ತುಂಬಲ್ಲ.'

ಈಗ ಆ ಕಮಿಷನ್ ವಿಷಯಕ್ಕೆ ಬರೋಣ. ಆ್ಯಪ್‌ಗಳು ಬೇಡ ಅನ್ನೋ ವಾದ ನನ್ನದಲ್ಲ. ಬೆಂಗಳೂರಿನವನಿಗೆ ಆ ಮನೆ ಇದೆ ಅಂತ ಗೊತ್ತಾಗೋದೇ ಅದರಿಂದ. ಆದರೆ ನಿಯಮ ಯಾರ ಕೈಯಲ್ಲಿರಬೇಕು? ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ದೇಶದ ದೊಡ್ಡ ಬುಕಿಂಗ್ ಕಂಪನಿಗಳ ಮೇಲೆ ಒಟ್ಟು 392 ಕೋಟಿ ರೂಪಾಯಿ ದಂಡ ಹಾಕಿತು. ಒಂದು ಮುಖ್ಯ ಕಾರಣ ಏನು ಗೊತ್ತಾ? ನಮ್ಮ ಆ್ಯಪ್‌ನಲ್ಲಿರೋದಕ್ಕಿಂತ ಕಡಿಮೆ ದರಕ್ಕೆ ನೀನು ಬೇರೆ ಕಡೆ ಕೋಣೆ ಕೊಡಬಾರದು ಅಂತ ಹೋಟೆಲ್‌ಗಳಿಗೆ ಹಾಕ್ತಿದ್ದ ಷರತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಅವುಗಳ ಹಕ್ಕು. ಸ್ವಂತ ಮನೆ, ಸ್ವಂತ ಖೋಲಿ, ಸ್ವಂತ ಆಯಿ ಮಾಡಿದ ರೊಟ್ಟಿ. ದರ ಮಾತ್ರ ಇನ್ನೊಬ್ಬ ಹೇಳಬೇಕು. ಇದು ಯಾವ ನ್ಯಾಯ ಸ್ವಾಮಿ?

ತೆರಿಗೆ ಕಥೆಯನ್ನೂ ಕೇಳಿ. ಮೊದಲು ದಿನಕ್ಕೆ 1000 ರೂಪಾಯಿಯೊಳಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ 12 ಪರ್ಸೆಂಟ್ ಹಾಕಿದರು. ಬಡವನ ಲಾಡ್ಜಿಗೂ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿವರೆಗಿನ ಕೋಣೆಗಳಿಗೆ 5 ಪರ್ಸೆಂಟಿಗೆ ಇಳಿದಿದೆ, ಒಳ್ಳೇದೇ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರೋ ಮನೆಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಆದರೆ ಅದೇ ಖೋಲಿಯನ್ನ ಆ್ಯಪ್‌ನಲ್ಲಿ ಹಿಡಿದರೆ ತೆರಿಗೆ ಬೀಳುತ್ತೆ, ಆ್ಯಪ್ ಕಂಪನಿ ಅದನ್ನ ನಿಮ್ಮಿಂದ ವಸೂಲಿ ಮಾಡಿ ಕಟ್ಟುತ್ತೆ. ಫೋನ್ ಮಾಡಿ ಹಿಡಿದರೆ ಇಲ್ಲ. ಇದನ್ನ ಯಾವ ಜಾಹೀರಾತೂ ನಿಮಗೆ ಹೇಳಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ.

ಸಾಲದ ವಿಷಯ. 2025ರ ಕೇಂದ್ರ ಬಜೆಟ್‌ನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡ್ತೀವಿ ಅಂದರು. ಅಡವಿಲ್ಲದ ಸಾಲ. ಹುಡುಗನಿಗೆ ಬೇಕಾಗಿರೋದೂ ಅದೇ. ಬಂದ ಅತಿಥಿಗಳೆಲ್ಲ ಕೇಳೋದು ಒಂದೇ: ಬಾಳೆ ತೋಟದ ನಡುವೆ ಒಂದು ಖೋಲಿ ಇದ್ದಿದ್ದರೆ! ಎರಡು ಖೋಲಿ ಕಟ್ಟೋಣ ಅಂತ ಹೊರಟ. ಹೊಲದಲ್ಲಿ ರೈತ ತನಗೆ ಅಂತ ಮನೆ ಕಟ್ಟಬಹುದು, ಬಾಡಿಗೆಗೆ ಕೊಡೋ ಖೋಲಿ ಕಟ್ಟಬೇಕು ಅಂದರೆ ಭೂಪರಿವರ್ತನೆ ಆಗಬೇಕು. ಅಲ್ಲಿನ ಜನರ ಬಾಯಲ್ಲಿ ಅದು 'ಎನ್‌ಎ'. 'ಎನ್‌ಎ ಆಗಿಲ್ಲ ಅಂದ್ರ ಬ್ಯಾಂಕಿನವರು ಮುಂದ ಮಾತೇ ಆಡಲ್ರೀ' ಅಂದ. ಅವನ ಫೈಲು ಒಂದು ಮೇಜಿನ ಮೇಲೆ ಕೂತು ಏಳು ತಿಂಗಳಾಗಿದೆ. ಹೋದಾಗಲೆಲ್ಲ ಒಂದು ಹೊಸ ಕಾಗದ ಕೇಳ್ತಾರಂತೆ. ಕೃಷಿ ಜಮೀನು ಸಿಕ್ಕ ಸಿಕ್ಕವರ ಪಾಲಾಗಬಾರದು, ಕಾನೂನು ಬೇಕು, ನಾನು ಒಪ್ತೀನಿ. ಆದರೆ ನೂರು ಎಕರೆ ಲೇಔಟಿಗೂ ಎರಡು ಖೋಲಿಗೂ ಒಂದೇ ಬಾಗಿಲು, ಒಂದೇ ಸಾಲು. ಲೇಔಟಿನವನಿಗೆ ಆ ಬಾಗಿಲು ತಟ್ಟೋಕೆ ಬೇರೆ ಜನ ಇರ್ತಾರೆ.

ನಿಯಮವನ್ನ ಗಾಳಿಗೆ ತೂರಿದರೆ ಏನಾಗುತ್ತೆ ಅನ್ನೋದನ್ನೂ ನಾವು ನೋಡಿದ್ದೀವಿ. ತುಂಗಭದ್ರೆಯ ಆಚೆ ದಂಡೆಯ ವಿರೂಪಾಪುರ ಗಡ್ಡೆ ನೆನಪಿದೆಯಾ? ಹಂಪಿಗೆ ಬರೋ ವಿದೇಶಿಯರು, ಕಾಲೇಜು ಹುಡುಗರು ಕೆಲವೇ ನೂರು ರೂಪಾಯಿಗೆ ಉಳೀತಿದ್ದ ಗುಡಿಸಲು, ಗೆಸ್ಟ್‌ಹೌಸ್‌ಗಳು. ವಿಶ್ವ ಪರಂಪರೆಯ ರಕ್ಷಿತ ಪ್ರದೇಶದಲ್ಲಿ ಅವು ಅಕ್ರಮ ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚ್ ಮೊದಲ ವಾರ ಜೆಸಿಬಿ ಬಂತು. ಮೂರು ವಾರ ಕಳೆದು ಲಾಕ್‌ಡೌನ್. ಕೋರ್ಟಿನ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಅಷ್ಟು ವರ್ಷ ಕಟ್ಟೋಕೆ ಬಿಟ್ಟು, ಕರೆಂಟ್ ಕೊಟ್ಟು, ಕಣ್ಮುಚ್ಚಿ ಕೂತವರ ಬಗ್ಗೆ ತಕರಾರಿದೆ. ಅಕ್ರಮದ ಲಾಭ ಹಂಚಿಕೊಂಡವರು ಹಲವರು, ಮಾಡು ಕಳಕೊಂಡು ಬೀದಿಗೆ ಬಂದವರು ಕೆಲವರು.

ಇನ್ನೊಂದು ಮಾತು, ಹೇಳೋಕೆ ಕಷ್ಟ ಆಗುತ್ತೆ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ, ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ಆದ ದೌರ್ಜನ್ಯ. ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ದೂರದ ಇಸ್ರೇಲಿನಿಂದ ಬಂದವಳು, ಇನ್ನೊಬ್ಬಳು ಅವರಿಗೆ ಆಶ್ರಯ ಕೊಟ್ಟಿದ್ದ ಹೋಂಸ್ಟೇ ನಡೆಸ್ತಿದ್ದವಳು. ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಪ್ರವಾಸಿ ಬದುಕಲಿಲ್ಲ. ಆಗ ಕೆಲವರು, 'ಹೋಂಸ್ಟೇಗಳನ್ನೇ ಮುಚ್ಚಿ' ಅಂದರು. ಅತಿಥಿಗಳ ಜೊತೆ ಬಂದು ಕೂತಿದ್ದೇ ಆ ಹೆಣ್ಣುಮಗಳ ತಪ್ಪು ಅನ್ನೋ ಹಾಗೆ! ಆ ರಸ್ತೆಗೆ ಒಂದು ದೀಪ, ಆ ದಾರಿಯಲ್ಲಿ ಪೊಲೀಸರ ಒಂದು ಗಸ್ತು ಕೇಳಬೇಕಾದ ಜಾಗದಲ್ಲಿ ನಾವು ಮನೆ ಮುಚ್ಚಿಸೋ ಮಾತಾಡಿದೆವು.

ಯಾಕೆ ಹೇಳ್ತಿದ್ದೀನಿ ಅಂದರೆ, ಮನೆಯವರು ಮನೆಯಲ್ಲೇ ಇರೋದು ಅತಿಥಿಗೆ ಸಿಗೋ ದೊಡ್ಡ ಭದ್ರತೆ. ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆಯ ನಿಯಮವೂ ಅದನ್ನೇ ಹೇಳುತ್ತೆ: ಒಂದರಿಂದ ಆರು ಕೋಣೆ, 12 ಹಾಸಿಗೆ ಮೀರಬಾರದು, ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ತುಂಬಿ ಕಳಿಸಬೇಕು. ಮಾಲೀಕ ಬೆಂಗಳೂರಿನಲ್ಲಿ, ತೋಟದಲ್ಲಿ ಒಬ್ಬ ಕಾವಲುಗಾರ, ರಾತ್ರಿ ಎರಡು ಗಂಟೆವರೆಗೆ ಡಿಜೆ ಅಂದರೆ ಅದು ಹೋಂಸ್ಟೇ ಅಲ್ಲ, ಬೋರ್ಡ್ ಬದಲಾಯಿಸಿದ ಲಾಡ್ಜು. ಮಲೆನಾಡಿನಲ್ಲಿ ಅಂಥವು ಬೇಕಾದಷ್ಟಾಗಿವೆ. ಕಲಬುರಗಿಗೆ ಆ ರೋಗ ಇನ್ನೂ ಬಂದಿಲ್ಲ, ಸದ್ಯ.

ಕಮಲಾಪುರದ ಕೆಂಪು ಬಾಳೆಗೂ ಜಿಐ ಟ್ಯಾಗ್ ಇದೆ. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳ ಹತ್ತಿರ ಬೇಕು. ಅಷ್ಟು ಕಾಲ ನೀರು, ಗೊಬ್ಬರ, ಗಾಳಿಗೆ ಬೀಳದ ಹಾಗೆ ಆಸರೆ. ಅದಕ್ಕೇ ಬೆಳೆಯೋರು ಕಡಿಮೆ, ದರ ಜಾಸ್ತಿ. ತೋಟದಲ್ಲಿ ನಡೀತಾ ಹುಡುಗನ ಅಪ್ಪ ಇದನ್ನ ಹೇಳಿದರು. 'ಹಣ್ಣಿಗಿ ಹದಿನೆಂಟು ತಿಂಗಳ ಕಾಯ್ತೀವ್ರೀ, ಅದು ಗೊತ್ತಿದ್ದದ್ದ. ಸಹಿಗಿ ಎಷ್ಟು ತಿಂಗಳ ಕಾಯಬೇಕು ಅದನ್ನ ಯಾರಾರ ಹೇಳಿದ್ರ ಛಲೋ ಇತ್ತು.'

ನೀವು ಹೋಗೋದಾದರೆ ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಎರಡು ರಾತ್ರಿ ಇಟ್ಕೊಳ್ಳಿ. ಒಂದು ದಿನ ಕೋಟೆ, ದರ್ಗಾ, ಗುಡಿ, ಬುದ್ಧ ವಿಹಾರ. ಇನ್ನೊಂದು ದಿನ ಚಂದ್ರಂಪಳ್ಳಿಗೋ ಸನ್ನತಿಗೋ. ಆ್ಯಪ್‌ನಲ್ಲಿ ಮನೆ ಹುಡುಕಿ, ಆಮೇಲೆ ಆ ಮನೆಗೇ ಫೋನ್ ಮಾಡಿ. ನೋಂದಣಿ ಆಗಿದೆಯಾ, ಮನೆಯವರು ಅಲ್ಲೇ ಇರ್ತಾರಾ ಅಂತ ಕೇಳಿ. ದರದಲ್ಲಿ ಚೌಕಾಸಿ ಮಾಡಬೇಡಿ, ಮಾಡಲೇಬೇಕು ಅನ್ನಿಸಿದರೆ ಹಂಪಿಯ ಅರಮನೆಯಲ್ಲಿ ಮಾಡಿ ನೋಡಿ. ಬಿಲ್ಲಿನಲ್ಲಿ ಊಟದ ಸಾಲು ಇಲ್ಲದಿದ್ದರೆ ಹೊರಡೋವಾಗ ಏನು ಮಾಡಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಆಯಿಯ ಕೈಗೆ ಕೊಡಬೇಡಿ, ಆಕೆ ತಗೊಳ್ಳಲ್ಲ. ಮೊಮ್ಮಗನ ಕೈಗೆ ಕೊಡಿ.

ಪುಣೆಯ ಕಂಪನಿಯವರು ಹುಡುಗನನ್ನ ಮತ್ತೆ ಕರೆದಿದ್ದಾರೆ. ಈ ಸಲ 30,000 ಕೊಡ್ತಾರಂತೆ. ಜೂನ್ ಒಂದಕ್ಕೆ ಬಂದು ಸೇರ್ಕೋ ಅಂದಿದ್ದಾರೆ. ಫೈಲು ಇನ್ನೂ ಆ ಮೇಜಿನ ಮೇಲೇ ಇದೆ. ಮೇ ಕೊನೆಯ ವಾರ ನಾನೇ ಅವನಿಗೆ ಫೋನ್ ಮಾಡ್ತೀನಿ, ಅವನು ಫೋನ್ ಎತ್ತಿದ್ದು ಕಮಲಾಪುರದಿಂದಲಾ, ಪುಣೆ ರೈಲಿನಿಂದಲಾ ಅಂತ ಇದೇ ಹೊತ್ತಿಗೆ ನಿಮಗೆ ತಿಳಿಸ್ತೀನಿ.